ದರಿಯಾ ದೌಲತ್ ಗೋಡೆಯ ಮೇಲಿನ ಯುದ್ಧ ಇಷ್ಟೊಂದು ಸಾಲಾಗಿ ಯಾಕಿದೆ?

ಪ್ರಶ್ನೆ ಕೇಳಿದವರು: ಹೆಸರಘಟ್ಟದ ಅಪ್ಪ

ಹೋದ ಭಾನುವಾರ ಮಗಳನ್ನು ಕರೆದುಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ರಂಗನಾಥನ ದರ್ಶನ, ಕೋಟೆ ಒಳಗಿನ ಬೈಲಿ ಸೆರೆಮನೆ, ನಿಮಿಷಾಂಬ, ಆಮೇಲೆ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್. ಎಲ್ಲರೂ ಸುತ್ತುವ ಸುತ್ತೇ.

ದರಿಯಾ ದೌಲತ್ತಿನ ಜಗಲಿ ಗೋಡೆಯಲ್ಲಿ, ಹೈದರನೂ ಟಿಪ್ಪುವೂ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೋಲಿಸಿದ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ ಇದೆಯಲ್ಲ, ಅದರ ಮುಂದೆ ಮಗಳು ನಿಂತಳು. ಏಳನೇ ಕ್ಲಾಸು. ಸ್ವಲ್ಪ ಹೊತ್ತು ನೋಡಿ, "ಅಪ್ಪಾ, ಇದು ಯುದ್ಧವೋ ದಸರಾ ಮೆರವಣಿಗೆಯೋ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅವಳು ಹೇಳಿದ್ದು ನಿಜ. ಕುದುರೆ ಸಾಲು, ಆನೆ ಸಾಲು, ಸಿಪಾಯಿಗಳ ಸಾಲು. ಇಸ್ತ್ರಿ ಮಾಡಿಟ್ಟ ಹಾಗಿದೆ. ಪಿಕಾಸೋನ ಗೆರ್ನಿಕಾ ಚಿತ್ರವನ್ನು ಅವಳಿಗೆ ಒಮ್ಮೆ ಮೊಬೈಲಿನಲ್ಲಿ ತೋರಿಸಿದ್ದೆ. ಅದನ್ನು ನೋಡಿದ ಕೂಡಲೇ ಏನೋ ಕೆಟ್ಟದ್ದು ನಡೆದಿದೆ ಅಂತ ಅವಳಿಗೇ ಗೊತ್ತಾಗಿತ್ತು.

ಅದಕ್ಕೇ ಕೇಳುತ್ತಿದ್ದೇನೆ. ನಮ್ಮ ಕಡೆಯ ಚಿತ್ರಗಾರರಿಗೆ ಯುದ್ಧದ ಗೊಂದಲವನ್ನು ಬರೆಯಲು ಬರುತ್ತಿರಲಿಲ್ಲವೇ? ಅಥವಾ ನಮಗೆ ನೋಡಲು ಬರುವುದಿಲ್ಲವೇ? ಇನ್ನೊಂದು, ನಡುವೆ ಪಲ್ಲಕ್ಕಿಯಲ್ಲಿ ಕೂತವನು ಹೆದರಿ ಉಗುರು ಕಚ್ಚುತ್ತಿದ್ದಾನೆ ಅಂತ ಪಕ್ಕದಲ್ಲಿದ್ದ ಯಾರೋ ಹೇಳಿದರು. ಹೌದಾ?

---

ಗಂಜಾಂ ಅಂಜೂರ

ತಲೆ ಕೆಡಿಸಿಕೊಳ್ಳಬೇಡಿ ಸರ್. ಗೆದ್ದವರು ತಮ್ಮ ಮನೆ ಗೋಡೆಗೆ ಬರೆಸಿಕೊಂಡದ್ದು ಅದು. ಈಗಿನವರು ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿಸುವುದಿಲ್ಲವೇ, ಹಾಗೆ. ಫ್ಲೆಕ್ಸಿನಲ್ಲಿ ಯಾರಾದರೂ ಗೊಂದಲ ತೋರಿಸುತ್ತಾರಾ? ನಾನು ಇದೇ ಊರಿನವನು, ಚಿಕ್ಕಂದಿನಿಂದ ನೋಡಿದ್ದೇನೆ. ಶತ್ರು ಗೊಂಬೆ ಥರ, ನಮ್ಮವರು ಗಂಡು ಮೀಸೆ. ಅಷ್ಟೇ ವಿಷಯ.

---

ಡ್ರಾಯಿಂಗ್ ಮೇಷ್ಟ್ರು, ಮಂಡ್ಯ

ಅಂಜೂರದವರು ಹೇಳಿದ್ದು ತಪ್ಪಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿಬಿಟ್ಟರೆ ಅನ್ಯಾಯ.

ಮೊದಲು ನಿಮ್ಮ ಮಗಳಿಗೆ ನನ್ನ ಕಡೆಯಿಂದ ಶಹಭಾಸ್ ಹೇಳಿ. ಅವಳು ಅಂದದ್ದರಲ್ಲಿ ಅರ್ಧ ಪೂರ್ತಿ ಸರಿ. ಪಶ್ಚಿಮದ ಗೋಡೆಯಲ್ಲಿ ಬಾಗಿಲಿನ ಎಡಗಡೆ ಇರುವುದು ಮೆರವಣಿಗೆಯೇ. ಹೈದರನೂ ಟಿಪ್ಪುವೂ ಪಡೆ ಕಟ್ಟಿಕೊಂಡು ಹೊರಟಿರುವುದು. ಯುದ್ಧ ಇರುವುದು ಬಲಗಡೆ. ಜನ ಎಡದಿಂದ ಶುರು ಮಾಡುತ್ತಾರೆ. ಬಲಕ್ಕೆ ಬರುವಷ್ಟರಲ್ಲಿ ಕಣ್ಣಿಗೆ ಸಾಲುಗಳು ಅಭ್ಯಾಸ ಆಗಿಬಿಟ್ಟಿರುತ್ತವೆ, ಹಿಂದಿನವರು ಬೇರೆ ನೂಕುತ್ತಿರುತ್ತಾರೆ. ಹೀಗಾಗಿ ಅದೂ ಮೆರವಣಿಗೆಯ ಹಾಗೇ ಕಾಣುತ್ತದೆ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟವನು. ಹೆಚ್ಚುಕಮ್ಮಿ ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಲಾರಿಯಲ್ಲಿ ಹೋದದ್ದೂ ಉಂಟು, ಈಗಿನವರು ಕೇಳಿದರೆ ಜಗಳಕ್ಕೆ ಬಂದಾರು. ಬಲಗಡೆ ಗೋಡೆಯ ಮುಂದೆ ನಿಲ್ಲಿಸಿ ಒಂದೇ ಕೆಲಸ ಕೊಡುತ್ತಿದ್ದೆ. "ಸತ್ತವರನ್ನು ಎಣಿಸಿ." ಅಷ್ಟೇ. ಐದು ನಿಮಿಷ ಬಿಟ್ಟು ಕೇಳಿದರೆ ಒಬ್ಬ ಹದಿನೈದು ಅಂತಾನೆ, ಇನ್ನೊಬ್ಬ ಮೂವತ್ತು ಅಂತಾನೆ. ಜಗಳ ಶುರು. ಯಾಕೆ ಅಂದರೆ ಒಂದು ತಲೆ ಇಲ್ಲಿ ಬಿದ್ದಿದೆ, ಅದರ ಮುಂಡ ಯಾವುದು? ಆ ಕಾಲು ಕೆಳಗೆ ಬಿದ್ದವನದೋ, ಪಕ್ಕದಲ್ಲಿ ನಿಂತವನದೋ? ಕುದುರೆ ಹೊಟ್ಟೆಯ ಕೆಳಗೆ ಇರುವುದು ಕೈಯೋ ಕತ್ತಿಯೋ? ಲೆಕ್ಕ ಸಿಗುವುದೇ ಇಲ್ಲ. ದೂರದಿಂದ ಇಸ್ತ್ರಿ, ಹತ್ತಿರದಿಂದ ಕೊಚ್ಚಿದ ಕೊಚ್ಚು. ನಿಮ್ಮ ಗೊಂದಲ ಅಲ್ಲಿದೆ. ಚಿತ್ರಗಾರ ಅದನ್ನು ಮೇಲೆ ಹರಡಿಲ್ಲ, ಕಾಲಡಿಗೆ ಹಾಕಿದ್ದಾನೆ.

ಈಗ ನಡುವಿನ ಚೌಕಕ್ಕೆ ಬನ್ನಿ. ಕೆಂಪು ಕೋಟಿನ ಕಂಪನಿ ಸಿಪಾಯಿಗಳು ನಾಲ್ಕೂ ಕಡೆ ಮುಖ ಮಾಡಿ ಚೌಕ ಕಟ್ಟಿ ನಿಂತಿದ್ದಾರೆ. ಒಂದು ವಿಚಿತ್ರ ನೋಡಿದಿರಾ? ಚೌಕವನ್ನು ಮೇಲಿಂದ ನೋಡಿದ ಹಾಗೆ ಬರೆದಿದೆ, ಅದರೊಳಗಿನ ಮನುಷ್ಯರನ್ನು ಪಕ್ಕದಿಂದ ನೋಡಿದ ಹಾಗೆ. ಮಕ್ಕಳಿಗೆ ನಾನು ಚೌಕಾಬಾರ ಮನೆ ಅಂತ ಹೇಳಿಕೊಡುತ್ತಿದ್ದೆ. ಮನೆಯನ್ನು ಮೇಲಿಂದ ನೋಡುತ್ತೇವೆ, ಕಾಯಿಗಳು ನೆಟ್ಟಗೆ ನಿಂತಿರುತ್ತವೆ. ಆದರೆ ಚೌಕಾಬಾರದಲ್ಲಿ ನಡುಮನೆ ಹಣ್ಣಾಗುವ ಜಾಗ. ಇಲ್ಲಿ ನಡುಮನೆಯೇ ಮಸಣ. ನಾಲ್ಕೂ ಕಡೆಯಿಂದ ಕುದುರೆ ನುಗ್ಗುತ್ತಿವೆ. ಹೊರಗಿನವರಿಗೆ ಜಾಗ ಧಾರಾಳ. ಒಳಗಿನವರಿಗೆ ಕಾಲಿಡಲು ಮಣ್ಣು ಕಾಣದಷ್ಟು ಒತ್ತಿ ಬರೆದಿದ್ದಾನೆ. ಆ ಒತ್ತಡದ ಮಧ್ಯೆ ಮದ್ದಿನ ಬಂಡಿ ಸಿಡಿಯುತ್ತಿದೆ. ಇಡೀ ಗೋಡೆಯಲ್ಲಿ ಗೆರೆ ಹಿಡಿತ ತಪ್ಪಿದ ಹಾಗೆ ಕಾಣುವುದು ಅಲ್ಲೇ, ಆ ಬೆಂಕಿಯಲ್ಲಿ. ಮಿಕ್ಕ ಕಡೆ ಗೆರೆ ಎಲ್ಲಿಂದ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಕಣ್ಣಿಗೆ ಗೊತ್ತಾಗುತ್ತದೆ.

ಈಗ ಪಲ್ಲಕ್ಕಿ. ಕೂತವನು ಕರ್ನಲ್ ವಿಲಿಯಂ ಬೈಲಿ. ನೀವು ಅದೇ ದಿನ ನೋಡಿ ಬಂದ ಸೆರೆಮನೆಗೆ ಹೆಸರು ಅವನದೇ. ಉಗುರು ಕಚ್ಚುತ್ತಿದ್ದಾನೆ ಅಂತ ಗೈಡುಗಳೂ ಹೇಳುತ್ತಾರೆ, ಕೇಳಲು ಮಜವಾಗಿರುತ್ತದೆ. ಆದರೆ ಬಾಯಿಯ ಹತ್ತಿರ ಬೆರಳು ತಂದರೆ ಬೆರಗು ಅಂತ ಅರ್ಥ. ಇದು ಪಾರಸಿ ಮತ್ತು ಮೊಘಲರ ಚಿತ್ರಗಳಲ್ಲಿ ಹಳೆಯ ರೂಢಿ. ದೇವತೆಯನ್ನು ಕಂಡವನೂ ಹಾಗೇ ಇರುತ್ತಾನೆ, ಹುಲಿಯನ್ನು ಕಂಡವನೂ ಹಾಗೇ ಇರುತ್ತಾನೆ. ನಾವು ಮೂಗಿನ ಮೇಲೆ ಬೆರಳಿಟ್ಟರು ಅನ್ನುವುದಿಲ್ಲವೇ, ಅದರ ಅಣ್ಣ. ಅಂದರೆ ಚಿತ್ರಗಾರ ಅವನನ್ನು ಪುಕ್ಕಲ ಅಂತ ಬರೆದಿಲ್ಲ. "ಇದೇನಾಗುತ್ತಿದೆ" ಅಂತ ತಿಳಿಯದೆ ಕೂತವನು ಅಂತ ಬರೆದಿದ್ದಾನೆ. ನನ್ನ ಪ್ರಕಾರ ಹೆದರಿಕೆಗಿಂತ ಇದು ದೊಡ್ಡದು. ಹೆದರಿದವನಿಗೆ ಏನು ಬರುತ್ತಿದೆ ಅಂತಾದರೂ ಗೊತ್ತಿರುತ್ತದೆ.

ಈ ಕಡೆ ನೋಡಿ. ಮೈಸೂರಿನ ಪರವಾಗಿದ್ದ ಫ್ರೆಂಚ್ ಸರದಾರ ಲಾಲಿ ದುರ್ಬೀನು ಹಿಡಿದಿದ್ದಾನೆ. ಅವನಿಗೆ ದೂರದ್ದೂ ಕಾಣುತ್ತದೆ. ಟಿಪ್ಪು ಹೂವಿನ ವಾಸನೆ ನೋಡುತ್ತಿದ್ದಾನೆ, ಏನೋ ಲಾಲ್‌ಬಾಗಿಗೆ ವಾಕಿಂಗ್ ಬಂದವನ ಹಾಗೆ. ದುರ್ಬೀನು, ಹೂವು, ಬೆರಳು. ಈ ಮೂರು ಕೈಗಳನ್ನು ನೋಡಿದರೆ ಸಾಕು, ಯಾರಿಗೆ ಯುದ್ಧ ಅರ್ಥವಾಗುತ್ತಿದೆ, ಯಾರಿಗೆ ಇಲ್ಲ ಅಂತ ತಿಳಿಯುತ್ತದೆ. ಅಂಜೂರದವರೇ, ಫ್ಲೆಕ್ಸೇ ಇರಬಹುದು. ಆದರೆ ಇಷ್ಟು ತಲೆ ಓಡಿಸಿದ ಫ್ಲೆಕ್ಸ್ ನಾನು ಸರ್ಕಲ್ಲಿನಲ್ಲಿ ನೋಡಿಲ್ಲ.

ಗೆರ್ನಿಕಾ ವಿಷಯಕ್ಕೆ. 1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಊರಿನ ಮೇಲೆ ವಿಮಾನಗಳು ಬಾಂಬು ಹಾಕಿದವು, ಪಿಕಾಸೋ ಬರೆದದ್ದು ಪ್ಯಾರಿಸಿನಲ್ಲಿ ಕೂತು. ಬಾಂಬು ಬಿದ್ದವರ ಕಡೆ ನಿಂತು ಬರೆದ. ಹಾಗಾಗಿ ಅದರಲ್ಲಿ ಹಾಕಿದವನೇ ಇಲ್ಲ, ನೀವು ಬೇಕಾದರೆ ಹುಡುಕಿ. ವಿಮಾನ ಇಲ್ಲ, ಸೈನ್ಯ ಇಲ್ಲ. ಎಲ್ಲಿಂದ ಬಂತು ಅಂತ ಕೆಳಗಿದ್ದವರಿಗೆ ಗೊತ್ತಾಗಲಿಲ್ಲ, ಚಿತ್ರದಲ್ಲೂ ಗೊತ್ತಾಗುವುದಿಲ್ಲ. ಪೊಳ್ಳಿಲೂರನ್ನು ಬೈಲಿಯ ಪಲ್ಲಕ್ಕಿ ಒಳಗೆ ಕೂತು ಯಾರಾದರೂ ಬರೆದಿದ್ದರೆ ಅದೂ ಹೆಚ್ಚುಕಮ್ಮಿ ಹಾಗೇ ಇರುತ್ತಿತ್ತು ಅಂತ ನನಗನ್ನಿಸುತ್ತದೆ. ಆದರೆ ಬರೆದವನು ನಿಂತದ್ದು ಹೊರಗೆ, ದುರ್ಬೀನು ಹಿಡಿದವರ ಪಕ್ಕ.

ಹೊಗೆಯ ಬಗ್ಗೆ ಒಂದು ಮಾತು ಬಿಟ್ಟುಹೋಯಿತು. ಆ ಕಾಲದ ಮದ್ದು ಹಾರಿಸಿದರೆ ದಟ್ಟ ಬಿಳಿ ಹೊಗೆ ಏಳುತ್ತದೆ. ಇಷ್ಟು ತೋಪು, ಇಷ್ಟು ಬಂದೂಕು ಹಾರಿದ ಮೇಲೆ ಎದುರಿನವನ ಮುಖ ಕಾಣುವುದೇ ಕಷ್ಟ. ಗೋಡೆಯಲ್ಲಿ ಮಾತ್ರ ಕೊನೆಯ ಸಿಪಾಯಿಯ ಗುಂಡಿಯವರೆಗೂ ತಿಳಿಯಾಗಿ ಕಾಣುತ್ತದೆ. ಅಲ್ಲಿದ್ದ ಯಾವ ಮನುಷ್ಯನೂ ಆ ದಿನ ನೋಡಲಾಗದ್ದನ್ನು ನಾವು ಟಿಕೆಟ್ ತೆಗೆದುಕೊಂಡು ನೋಡುತ್ತಿದ್ದೇವೆ.

---

ತೋಪಿನ ಕೊಳ

ಮೇಷ್ಟ್ರೇ, ಬಹಳ ಚೆನ್ನಾಗಿ ಹೇಳಿದಿರಿ. ನಾನು ಕಾಂಚೀಪುರದ ಹತ್ತಿರ ಕೆಲಸದಲ್ಲಿದ್ದೇನೆ. ಪೊಳ್ಳಿಲೂರು ಇಲ್ಲಿಂದ ದೂರವಿಲ್ಲ. ಚಿತ್ರದಲ್ಲಿಲ್ಲದ ಸ್ವಲ್ಪ ಇತಿಹಾಸ ಸೇರಿಸುತ್ತೇನೆ, ಯಾಕೆಂದರೆ "ಏನಾಗುತ್ತಿದೆ ಗೊತ್ತಿಲ್ಲ" ಅನ್ನುವುದು ನಿಜಕ್ಕೂ ಆ ಯುದ್ಧದ ಕಥೆಯೇ.

1780ರ ಸೆಪ್ಟೆಂಬರ್. ಬೈಲಿ ಗುಂಟೂರು ಕಡೆಯಿಂದ ಬರುತ್ತಿದ್ದ. ಕಂಪನಿಯ ಇನ್ನೊಬ್ಬ ಸೇನಾಪತಿ ಹೆಕ್ಟರ್ ಮನ್ರೋ ದೊಡ್ಡ ಸೈನ್ಯ ಇಟ್ಟುಕೊಂಡು ಕಾಂಚೀಪುರದಲ್ಲಿದ್ದ. ಇಬ್ಬರೂ ಸೇರಬೇಕಿತ್ತು, ಅಷ್ಟೇ. ನಡುವೆ ಕೆಲವೇ ಮೈಲಿ. ಮನ್ರೋ ತಾನು ಹೋಗದೆ ಸುಮಾರು ಸಾವಿರ ಜನರನ್ನು ಮಾತ್ರ ಕಳಿಸಿದ. 9ನೇ ತಾರೀಖು ರಾತ್ರಿ ಬೈಲಿ ಹೊರಟ, ಆದರೆ ದಾರಿಯಲ್ಲೇ ಬೆಳಗಿನವರೆಗೆ ನಿಂತುಬಿಟ್ಟ. ಯಾಕೆ ನಿಂತ ಅಂತ ಇವತ್ತಿಗೂ ಬರೆಯುವವರು ಜಗಳ ಆಡುತ್ತಾರೆ. ಬೆಳಗಾಗುವಷ್ಟರಲ್ಲಿ ಟಿಪ್ಪುವಿನ ತೋಪುಗಳು ಅಣಿಯಾಗಿದ್ದವು, ಹೈದರನ ಸೈನ್ಯವೂ ಬಂದು ಮುತ್ತಿತು. ಬೈಲಿಯ ಹತ್ತಿರ ಇದ್ದ 86 ಅಧಿಕಾರಿಗಳಲ್ಲಿ ಗಾಯವಿಲ್ಲದೆ ಉಳಿದು ಸೆರೆ ಸಿಕ್ಕವರು 16 ಜನ.

ಮನ್ರೋ ಏನು ಮಾಡಿದ? ಕಾಂಚೀಪುರದ ಕೊಳಕ್ಕೆ ತನ್ನ ದೊಡ್ಡ ತೋಪುಗಳನ್ನು ಹಾಕಿ ಮದ್ರಾಸಿನ ಕಡೆ ಓಡಿದ. ನನ್ನ ಅಡ್ಡಹೆಸರು ಅಲ್ಲಿಂದಲೇ ಬಂದದ್ದು.

ಮದ್ದಿನ ಬಂಡಿ ಸಿಡಿದದ್ದು ಮೈಸೂರಿನ ರಾಕೆಟ್ಟಿನಿಂದಲೋ ತೋಪಿನ ಗುಂಡಿನಿಂದಲೋ ಅನ್ನುವುದೂ ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದಾರೆ. ಚೌಕದೊಳಗಿದ್ದು ಬದುಕಿದವರಿಗೂ ಖಚಿತವಿರಲಿಲ್ಲ.

ಒಂದು ಅನುಮಾನ ಮಾತ್ರ ಇದೆ ಮೇಷ್ಟ್ರೇ. ಈ ಗೋಡೆ ಮೊದಲಿನದಲ್ಲವಲ್ಲ? ಅರಮನೆ 1784ರದ್ದು. ಆಮೇಲೆ ಮುತ್ತಿಗೆ ಕಾಲದಲ್ಲಿ ಚಿತ್ರ ಕೆಡಿಸಿದರು. 1799ರಲ್ಲಿ ಬ್ರಿಟಿಷರು ಊರು ಗೆದ್ದ ನಂತರ ಅಲ್ಲಿ ವಾಸವಿದ್ದ ಅವರ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಸರಿ ಮಾಡಿಸಿದ. ಮತ್ತೆ ಯಾರೋ ಸುಣ್ಣ ಬಳಿದರು. ಕೊನೆಗೆ 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಹೇಳಿ, ಹಳೆಯದನ್ನು ನೆನಪಿಟ್ಟುಕೊಂಡಿದ್ದ ಒಬ್ಬ ಚಿತ್ರಗಾರನಿಂದ ಮತ್ತೆ ಬರೆಸಿದ. ಹೀಗಿರುವಾಗ ದುರ್ಬೀನು, ಬೆರಳು, ಎಲ್ಲಿ ಒತ್ತು, ಎಲ್ಲಿ ಸಡಿಲ ಅಂತ ಇಷ್ಟು ನಂಬಬಹುದಾ?

---

ಡ್ರಾಯಿಂಗ್ ಮೇಷ್ಟ್ರು, ಮಂಡ್ಯ

ಸರಿಯಾದ ಜಾಗಕ್ಕೇ ಚುಚ್ಚಿದಿರಿ.

ಗೆರೆ ಗೆರೆಯೂ ಹಳೆಯದು ಅಂತ ನಾನು ಹೇಳುವುದಿಲ್ಲ. ಪದೇ ಪದೇ ಬರೆದ ಗೋಡೆ ಅದು. ಆದರೆ ಜೋಡಣೆ ಹಳೆಯದೇ ಅನ್ನಲು ಒಂದು ಆಧಾರ ಇದೆ. ಇದೇ ಯುದ್ಧದ ಇನ್ನೊಂದು ಚಿತ್ರ ಕಾಗದದ ಮೇಲೆ ಇದೆ. ಹತ್ತು ದೊಡ್ಡ ಹಾಳೆ, ಸೇರಿಸಿದರೆ ಸುಮಾರು 32 ಅಡಿ. 2022ರ ಮಾರ್ಚಿನಲ್ಲಿ ಲಂಡನ್ನಿನ ಸೋದೆಬೀಸ್ ಹರಾಜಿನಲ್ಲಿ 6,30,000 ಪೌಂಡಿಗೆ ಹೋಯಿತು. ನಾನು ಫೋಟೋದಲ್ಲಿ ಮಾತ್ರ ನೋಡಿದ್ದು. ಮೊಮ್ಮಗ ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ತೋರಿಸಿದ. ಅದರಲ್ಲೂ ಚೌಕ ಇದೆ, ಪಲ್ಲಕ್ಕಿ ಇದೆ, ಸಿಡಿಯುವ ಬಂಡಿ ಇದೆ, ಬಾಯಿಗೆ ಬಂದ ಬೆರಳೂ ಇದೆ. ಬಣ್ಣ ಹಗುರ, ಕೈ ಇನ್ನೂ ಚುರುಕು. ಅದನ್ನು ನೋಡಿದ ಮೇಲೆ ಗೋಡೆಯ ಕುದುರೆಗಳು ನನಗೆ ಸ್ವಲ್ಪ ದಪ್ಪಗಾದ ಹಾಗೆ ಕಾಣುತ್ತವೆ, ಮದುವೆಯಾದ ಮೇಲೆ ಹುಡುಗರು ಆಗುತ್ತಾರಲ್ಲ ಹಾಗೆ.

ನೀವು ಇತಿಹಾಸ ತೆಗೆದದ್ದು ಒಳ್ಳೆಯದಾಯಿತು, ನನಗೆ ಒಂದು ನೆನಪಾಯಿತು. ಸೆರೆ ಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಅನ್ನುವ ಕ್ಯಾಪ್ಟನ್ ಒಬ್ಬ. ಗಾಯಗೊಂಡಿದ್ದ. ಮೂರೂವರೆ ವರ್ಷಕ್ಕೂ ಜಾಸ್ತಿ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದ. ಕೈದಿಗಳನ್ನು ಇಬ್ಬಿಬ್ಬರಾಗಿ ಸರಪಳಿಯಲ್ಲಿ ಬಿಗಿಯುತ್ತಾರೆ ಅಂತ ಊರಿನಲ್ಲಿ ಅವನ ತಾಯಿಗೆ ಸುದ್ದಿ ಹೋದಾಗ, ನಮ್ಮ ಡೇವಿಯ ಜೊತೆ ಬಿಗಿಸಿಕೊಂಡವನ ಪಾಡು ದೇವರಿಗೇ ಪ್ರೀತಿ ಅಂದಳಂತೆ. ಬೈಲಿ 1782ರಲ್ಲಿ ಸೆರೆಯಲ್ಲೇ ಸತ್ತ. ಬೇರ್ಡ್ ಬದುಕಿದ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯ ಬಿರುಕಿಗೆ ನುಗ್ಗಿದ ಬ್ರಿಟಿಷ್ ಪಡೆಯ ಮುಂದೆ ಇದ್ದವನು ಅವನೇ.

ಮುಂದಿನ ವರ್ಷ ರಾಬರ್ಟ್ ಕೆರ್ ಪೋರ್ಟರ್ ಅನ್ನುವ ಇಪ್ಪತ್ಮೂರು ವರ್ಷದ ಹುಡುಗ ಲಂಡನ್ನಿನಲ್ಲಿ ಆ ದಾಳಿಯನ್ನು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದ. ಕಾವೇರಿಯನ್ನು ಕಣ್ಣಲ್ಲಿ ಕಂಡವನಲ್ಲ. ಜನ ದುಡ್ಡು ಕೊಟ್ಟು ನೋಡಿದರು. ಆ ಬಟ್ಟೆ ಆಮೇಲೆ ಬೆಂಕಿಗೆ ಹೋಯಿತು. ಅವನ ದಾಳಿಯ ಚಿತ್ರವೊಂದು ದರಿಯಾ ದೌಲತ್ತಿನ ಒಳಗಿನ ಮ್ಯೂಸಿಯಂನಲ್ಲೇ ಇದೆ. ಮಗಳನ್ನು ಕರೆದುಕೊಂಡು ಹೋದಾಗ ಅದರ ಮುಂದೆ ನಿಂತಿದ್ದಿರಾ?

ಅದರಲ್ಲಿ ಹೊಗೆ ಇದೆ, ಉರಿ ಇದೆ, ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ. ನಿಮ್ಮ ಮಗಳು ಖಂಡಿತ ಯುದ್ಧ ಅಂತಲೇ ಹೇಳುತ್ತಾಳೆ. ಆದರೆ ಹೊಗೆ ಎಲ್ಲಿ ಕುಳಿತಿದೆ ನೋಡಿ. ಬೇಕಾದ ಮುಖಗಳ ಮುಂದೆ ಹೊಗೆಯೇ ಇಲ್ಲ! ಬೇರ್ಡ್ ಕೈಯೆತ್ತಿ ನಿಂತ ಜಾಗದಲ್ಲಿ ಬೆಳಕು. ಕತ್ತಲು, ನೂಕುನುಗ್ಗಲು, ಬಾಯಿ ಬಿಟ್ಟ ಮುಖಗಳೆಲ್ಲ ಹೆಚ್ಚಾಗಿ ನಮ್ಮ ಕಡೆಯವರಿಗೆ. ಶೈಲಿ ಪೂರ್ತಿ ಬೇರೆ, ಹಂಚಿಕೆ ಮಾತ್ರ ಅದೇ. ಹೊರಗಿನ ಗೋಡೆಯಲ್ಲಿ ದಿಕ್ಕು ತಪ್ಪಿದವರು ಕೆಂಪು ಕೋಟಿನವರು, ಒಳಗಿನ ಚಿತ್ರದಲ್ಲಿ ದಿಕ್ಕು ತಪ್ಪಿದವರು ಮೈಸೂರಿನವರು. ಬೇರ್ಡ್ ಎರಡು ಯುದ್ಧದಲ್ಲೂ ಇದ್ದ. ಹೊರಗಿನ ಗೋಡೆಯ ಆ ಕೆಂಪು ಗುಂಪಿನಲ್ಲಿ ಅವನು ಯಾರು ಬೇಕಾದರೂ ಆಗಿರಬಹುದು. ಒಳಗೆ ಅವನೊಬ್ಬನೇ ಕಾಣುತ್ತಾನೆ.

ನನ್ನ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಎಲ್ಲರೂ ಆನೆ, ಟಿಪ್ಪು, ಹೂವು ಬರೆದರು. ಇವಳು ಹಾಳೆ ತುಂಬಾ ಬರೀ ಕಾಲು ಬರೆದಿದ್ದಳು. ಕುದುರೆ ಕಾಲು, ಮನುಷ್ಯರ ಕಾಲು, ಮಲಗಿದ್ದವು, ನಿಂತಿದ್ದವು. ಮೇಲಿನ ಅರ್ಧ ಖಾಲಿ. "ಯಾಕಮ್ಮಾ?" ಅಂದೆ. "ನಾನು ಕುಳ್ಳಿ ಸಾರ್, ನನಗೆ ಅಷ್ಟೇ ಕಂಡಿದ್ದು" ಅಂದಳು. ಹತ್ತಕ್ಕೆ ಒಂಬತ್ತು ಕೊಟ್ಟೆ. ಒಂದು ಯಾಕೆ ಕಡಿಮೆ ಕೊಟ್ಟೆ ಅಂತ ಈಗಲೂ ನನ್ನನ್ನೇ ಬೈದುಕೊಳ್ಳುತ್ತೇನೆ.

---

ಗಂಜಾಂ ಅಂಜೂರ

ಮೇಷ್ಟ್ರೇ, ನಲವತ್ತು ವರ್ಷದಿಂದ ಆ ಗೇಟಿನ ಮುಂದೆ ಓಡಾಡುತ್ತಿದ್ದೇನೆ. ಗುಂಬಜ್ ಹತ್ತಿರ ಬೈಲಿಯ ಸ್ಮಾರಕ ಇದೆ, 1816ರಲ್ಲಿ ಅವನ ಸಂಬಂಧಿಕನೇ ಕಟ್ಟಿಸಿದ್ದು. ಚಿಕ್ಕಂದಿನಲ್ಲಿ ಅದರ ನೆರಳಲ್ಲಿ ಗೋಲಿ ಆಡಿದ್ದೇವೆ. ಆ ಪಲ್ಲಕ್ಕಿಯವನೇ ಈ ಸ್ಮಾರಕದವನು ಅಂತ ಒಂದು ದಿನವೂ ಜೋಡಿಸಿ ನೋಡಿರಲಿಲ್ಲ. ಫ್ಲೆಕ್ಸ್ ಅಂದ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ನಾಳೆ ಹೋಗಿ ಸತ್ತವರನ್ನು ಎಣಿಸುತ್ತೇನೆ.

---

ಹೆಸರಘಟ್ಟದ ಅಪ್ಪ

ಎಲ್ಲರಿಗೂ ಥ್ಯಾಂಕ್ಸ್. ಒಳಗಿನ ಚಿತ್ರದ ಮುಂದೆ ನಾವು ನಿಲ್ಲಲೇ ಇಲ್ಲ ಮೇಷ್ಟ್ರೇ, ಅಷ್ಟು ಹೊತ್ತಿಗೆ ಇವಳಿಗೆ ಹಸಿವು, ನನಗೆ ಪಾರ್ಕಿಂಗ್ ಚಿಂತೆ. ನಿನ್ನೆ ರಾತ್ರಿ ನಿಮ್ಮ ಉತ್ತರವನ್ನು ಅವಳಿಗೆ ಓದಿ ಹೇಳಿದೆ. ದುರ್ಬೀನು, ಹೂವು, ಬೆರಳು ಅಂದಾಗ ಸುಮ್ನೆ ಕೇಳುತ್ತಿದ್ದಳು. ಕಾಲು ಬರೆದ ಹುಡುಗಿಯ ವಿಷಯ ಬಂದಾಗ ಮಾತ್ರ ಎದ್ದು ಕೂತಳು.

"ಅಪ್ಪಾ, ಪಲ್ಲಕ್ಕಿ ಹೊತ್ತವರು ಎಲ್ಲಿ ಹೋದರು? ಅವರ ಕಾಲೂ ಅಲ್ಲೇ ಇರಬೇಕಲ್ವಾ?"

ನಾನು ಗಮನಿಸಿರಲಿಲ್ಲ. ಮೇಷ್ಟ್ರೇ, ಮುಂದಿನ ತಿಂಗಳು ಎರಡನೇ ಶನಿವಾರ ಮತ್ತೆ ಹೋಗುತ್ತಿದ್ದೇವೆ. ಮಂಡ್ಯದಿಂದ ಬರಲು ಆಗುತ್ತದಾ? ಬೆಳಗ್ಗೆ ಬೇಗ ಬಂದರೆ ಜನ ಕಡಿಮೆ ಇರುತ್ತಾರೆ ಅಂತ ಅಂಜೂರದವರು ಮೆಸೇಜಿನಲ್ಲಿ ಹೇಳಿದ್ದಾರೆ.